ದಂತ ಇಂಪ್ಲಾಂಟ್‌ಗಳ ಬಗೆಗಳು ಮತ್ತು ದವಡೆಯ ಎಲುಬು

ಘಟಪ್ರಭಾ ನದಿಗೆ ಹಿಡಕಲ್‌ನಲ್ಲಿ ಕಟ್ಟಲಾದ ರಾಜಾ ಲಖಮಗೌಡ ಜಲಾಶಯದ ಆಸುಪಾಸಿನ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ಆಹಾರ ಹಲ್ಲಿಗೆ ಹಗುರವಾದುದಲ್ಲ. ಖಡಕ್ ಜೋಳದ ರೊಟ್ಟಿ, ಹೊಲದಲ್ಲೇ ಹಲ್ಲಿನಿಂದ ಸಿಗಿದು ತಿನ್ನುವ ಕಬ್ಬು, ಗೋಕಾಕದ ಕರದಂಟು ಇವೆಲ್ಲವೂ ದವಡೆಯ ಬಲವನ್ನು ಬೇಡುತ್ತವೆ. ಹಲ್ಲು ಕಳೆದುಕೊಂಡವರು ಇವನ್ನು ಬಿಡಬೇಕಾಗುತ್ತದೆ, ಇಲ್ಲವೇ ಕೃತಕ ಹಲ್ಲಿನ ಮೊರೆ ಹೋಗಬೇಕಾಗುತ್ತದೆ. ಈ ಭಾಗಕ್ಕೆ ಸಮೀಪದ ದಂತ ವೈದ್ಯಕೀಯ ಶಿಕ್ಷಣ ಕೇಂದ್ರ ಬೆಳಗಾವಿ. ಅಲ್ಲಿ 1985ರಲ್ಲಿ ಆರಂಭವಾದ ಕೆ.ಎಲ್.ಇ. ಸಂಸ್ಥೆಯ ದಂತ ಮಹಾವಿದ್ಯಾಲಯವು ಹುಕ್ಕೇರಿಯ ಶಾಸಕರಾಗಿದ್ದ ವಿಶ್ವನಾಥ ಕತ್ತಿ ಅವರ ಹೆಸರನ್ನು ಹೊತ್ತಿದೆ. ಎಲುಬಿನೊಳಗೆ ನೆಡುವ ಕೃತಕ ಬೇರು, ಅಂದರೆ ಇಂಪ್ಲಾಂಟ್, ಈಗ ದೊಡ್ಡ ನಗರಗಳ ಸೊತ್ತಾಗಿ ಉಳಿದಿಲ್ಲ. ಅದನ್ನು ಹಾಕಿಸಿಕೊಳ್ಳುವವರು ಸಾಮಾನ್ಯವಾಗಿ ಯಾವ ಕಂಪನಿಯದು ಉತ್ತಮವೆಂದು ವಿಚಾರಿಸುತ್ತಾರೆ. ಸುತ್ತಲಿನ ಎಲುಬು ಏನಾಗುವುದೆಂಬ ಪ್ರಶ್ನೆ ಅದಕ್ಕಿಂತ ಮುಖ್ಯವಾದುದು.

ದವಡೆಯ ಅಂಚಿನ ಎಲುಬು ಹಲ್ಲಿಗಾಗಿಯೇ ಇರುವಂಥದು. ಹಲ್ಲು ಹೋದರೆ ಅದೂ ಕರಗತೊಡಗುತ್ತದೆ. ದವಡೆ ಹಲ್ಲು ಕಿತ್ತ 12 ತಿಂಗಳೊಳಗೆ ಆ ಸ್ಥಳದ ಎಲುಬಿನ ಅಗಲ ಸುಮಾರು ಅರ್ಧದಷ್ಟು ಕುಗ್ಗುತ್ತದೆ, ಅದರಲ್ಲಿಯೂ ಮೂರನೆಯ ಎರಡು ಭಾಗ ಮೊದಲ 3 ತಿಂಗಳಲ್ಲೇ ಆಗುತ್ತದೆಯೆಂದು 2003ರ ಒಂದು ಅಧ್ಯಯನ ತೋರಿಸಿತು. ಪೂರ್ಣ ಹಲ್ಲುಸೆಟ್ಟು ಧರಿಸಿದವರನ್ನು 25 ವರ್ಷ ಅನುಸರಿಸಿ ಟಾಲ್‌ಗ್ರೆನ್ 1972ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಳದವಡೆಯ ಸವೆತ ಮೇಲ್ದವಡೆಯ ಸವೆತದ ನಾಲ್ಕು ಪಟ್ಟು. ಕೆಳಗಿನ ಸೆಟ್ಟು ಬಾಯಲ್ಲಿ ನಿಲ್ಲುವುದೇ ಇಲ್ಲವೆಂಬ ವೃದ್ಧರ ದೂರಿಗೆ ಮುಖ್ಯ ಕಾರಣ ಇಲ್ಲಿದೆ.

ಮೊದಲ ಪೀಳಿಗೆಯ ಇಂಪ್ಲಾಂಟ್‌ಗಳು ಎಲುಬಿನೊಡನೆ ಬೆಸೆಯಲಿಲ್ಲ. 1940ರ ದಶಕದಲ್ಲಿ ಒಸಡಿನ ಕೆಳಗೆ, ಎಲುಬಿನ ಮೇಲೆ ಕೂರಿಸಿದ ಲೋಹದ ಚೌಕಟ್ಟುಗಳು ಬಂದವು. 1960ರ ದಶಕದ ಕೊನೆಯಲ್ಲಿ ಲಿಂಕೋ ಅವರ ಚಪ್ಪಟೆ ಅಲಗಿನಂಥ ಇಂಪ್ಲಾಂಟ್‌ಗಳು ಬಳಕೆಗೆ ಬಂದವು. ಇವುಗಳ ಸುತ್ತ ಬಹುಮಟ್ಟಿಗೆ ನಾರಿನ ಅಂಗಾಂಶ ಬೆಳೆಯುತ್ತಿತ್ತು. ಅದನ್ನು ಸಹಜ ಹಲ್ಲಿನ ನಾರಿನ ಪದರಕ್ಕೆ ಸಮಾನವೆಂದು ಭಾವಿಸಿದವರೂ ಇದ್ದರು, ಆದರೆ ಹೋಲಿಕೆ ಹೆಸರಿಗಷ್ಟೇ ಇತ್ತು. ಆ ನಾರು ಹೊರೆಯನ್ನು ಎಲುಬಿಗೆ ಕ್ರಮವಾಗಿ ಹಂಚದು. ಇಂಪ್ಲಾಂಟ್ ಸಡಿಲವಾದಾಗ ಅಲಗಿನ ಉದ್ದಕ್ಕೂ ಎಲುಬು ಹೋಗಿರುತ್ತಿತ್ತು.

ಸ್ವೀಡನ್ನಿನ ಬ್ರೋನೆಮಾರ್ಕ್ 1952ರಲ್ಲಿ ಮೊಲದ ಎಲುಬಿನಲ್ಲಿಟ್ಟ ಟೈಟೇನಿಯಂ ಕೋಶವನ್ನು ಬಿಡಿಸಿ ತೆಗೆಯಲಾಗದೆ ಹೋದ ಸಂಗತಿ ಪ್ರಸಿದ್ಧವಾಗಿದೆ. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಮೊದಲ ರೋಗಿಗೆ ಟೈಟೇನಿಯಂ ತಿರುಪುಗಳನ್ನು ಕೂರಿಸಲಾಯಿತು. 1982ರ ಟೊರಾಂಟೊ ಸಮ್ಮೇಳನದ ನಂತರ ಜಗತ್ತು ಈ ವಿಧಾನವನ್ನು ಒಪ್ಪಿತು. ಇಲ್ಲಿ ಅಂಟಿನ ಕೆಲಸವಿಲ್ಲ. ಲೋಹದ ಮೇಲ್ಮೈಯಲ್ಲಿನ ತೆಳುವಾದ ಆಕ್ಸೈಡ್ ಪದರಕ್ಕೆ ತಾಗಿಕೊಂಡೇ ಜೀವಂತ ಎಲುಬು ಬೆಳೆಯುತ್ತದೆ. ಇಂದಿನ ಬಹುತೇಕ ಇಂಪ್ಲಾಂಟ್‌ಗಳು ಈ ತಿರುಪಿನ ಸಂತತಿಗೆ ಸೇರಿದವು.

ಹಾಗೆ ಬೆಸೆದ ಎಲುಬು ಕೂಡ ಕತ್ತಿನ ಬಳಿ ಸ್ವಲ್ಪ ಇಳಿಯುತ್ತದೆ. 1981ರ ಸ್ವೀಡಿಷ್ ವರದಿಯಲ್ಲಿ ಗಾಯ ಮಾಯುವ ಅವಧಿ ಮತ್ತು ಮೊದಲ ವರ್ಷ ಸೇರಿ ಸರಾಸರಿ 1.5 ಮಿಲಿಮೀಟರ್, ಆಮೇಲೆ ವರ್ಷಕ್ಕೆ 0.1 ಮಿಲಿಮೀಟರ್ ಇಳಿತ ಕಂಡುಬಂದಿತು. ಮೊದಲ ವರ್ಷದ ನಂತರ ವಾರ್ಷಿಕ ಇಳಿತ 0.2 ಮಿಲಿಮೀಟರಿಗಿಂತ ಕಡಿಮೆ ಇರಬೇಕೆಂಬುದು 1986ರಲ್ಲಿ ಆಲ್‌ಬ್ರೆಕ್ಟ್‌ಸನ್ ಮತ್ತು ಸಂಗಡಿಗರು ಹಾಕಿಕೊಟ್ಟ ಅಳತೆಗೋಲು.

ಬಗೆಬಗೆಯ ಇಂಪ್ಲಾಂಟ್‌ಗಳ ನಿಜವಾದ ವ್ಯತ್ಯಾಸ ಈ ಕತ್ತಿನ ಭಾಗದಲ್ಲೇ ಹೆಚ್ಚಾಗಿ ಕಾಣುತ್ತದೆ. ಎರಡು ತುಂಡಿನ ಇಂಪ್ಲಾಂಟ್‌ನಲ್ಲಿ ಎಲುಬಿನೊಳಗಿನ ತಿರುಪಿಗೂ ಮೇಲಿನ ಅಬಟ್‌ಮೆಂಟಿಗೂ ನಡುವೆ ಸೂಕ್ಷ್ಮ ಸಂದು ಉಳಿಯುತ್ತದೆ. ಸಂದು ಎಲುಬಿನ ಅಂಚಿನ ಮಟ್ಟದಲ್ಲಿದ್ದರೆ ಅಲ್ಲಿ ನೆಲೆಸುವ ಸೂಕ್ಷ್ಮಜೀವಿಗಳಿಂದ ದೂರ ಸರಿಯುವಂತೆ ಎಲುಬು ಕೆಳಗಿಳಿಯುತ್ತದೆ. ಒಂದೇ ತುಂಡಿನದರಲ್ಲಿ ಈ ಸಂದಿಲ್ಲ; ಆದರೆ ಹಾಕಿದ ದಿನದಿಂದಲೇ ಅದರ ತಲೆ ಬಾಯಿಗೆ ಚಾಚಿಕೊಂಡಿರುವುದರಿಂದ ಎಲುಬು ಕೂಡುವ ಮೊದಲೇ ನಾಲಗೆಯ, ಆಹಾರದ ಒತ್ತಡ ಬೀಳುತ್ತದೆ. ಸಂದಿನ ಸಮಸ್ಯೆಗೆ ಒಂದು ಉಪಾಯ ಅಕಸ್ಮಾತ್ತಾಗಿ ದೊರೆಯಿತು. 1991ರಲ್ಲಿ ಅಗಲವಾದ ಇಂಪ್ಲಾಂಟ್‌ಗಳು ಮಾರುಕಟ್ಟೆಗೆ ಬಂದಾಗ ಅವಕ್ಕೆ ಸರಿಹೊಂದುವ ಬಿಡಿಭಾಗಗಳು ಸಿದ್ಧವಿರಲಿಲ್ಲ. ವೈದ್ಯರು 4.1 ಮಿಲಿಮೀಟರಿನ ಕಿರಿದಾದ ಅಬಟ್‌ಮೆಂಟುಗಳನ್ನೇ ಜೋಡಿಸಿದರು. ವರ್ಷಗಳ ನಂತರ ಕ್ಷ-ಕಿರಣ ಚಿತ್ರಗಳಲ್ಲಿ ಎಲುಬಿನ ಇಳಿತ ನಿರೀಕ್ಷೆಗಿಂತ ಕಡಿಮೆ ಇರುವುದು ಗಮನಕ್ಕೆ ಬಂದಿತು. ಈ ಸಂಗತಿ 2006ರಲ್ಲಿ ಪ್ರಕಟವಾಯಿತು. ಸಂದು ಎಲುಬಿನ ಅಂಚಿನಿಂದ ಒಳಕ್ಕೆ ಸರಿದುದೇ ಕಾರಣವೆಂಬುದು ಬಹುಜನ ಒಪ್ಪುವ ವಿವರಣೆ.

ಮೇಲ್ಮೈಯ ಮಾತು ಬೇರೆ. ನುಣುಪಾದ ತಿರುಪಿಗೆ 3ರಿಂದ 6 ತಿಂಗಳ ವಿಶ್ರಾಂತಿ ಬೇಕಾಗಿದ್ದರೆ, ಮರಳು ಎರಚಿ ಆಮ್ಲದಿಂದ ಕೊರೆದ ಒರಟು ಮೇಲ್ಮೈಗೆ ಒಳ್ಳೆಯ ಎಲುಬಿನಲ್ಲಿ 6ರಿಂದ 8 ವಾರ ಸಾಕಾಯಿತು. ಆದರೆ ಎಲುಬು ಇಳಿದು ಆ ಒರಟುತನ ಬಾಯಿಗೆ ತೆರೆದುಕೊಂಡರೆ ಕೊಳೆ ನೆಲೆಯೂರುವುದೂ ಅಷ್ಟೇ ಸುಲಭ. ಬಿಳಿಯ ಜಿರ್ಕೋನಿಯಾ ಒಸಡಿನಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ; ಆದರೆ ಅದರ ಸ್ಥಿತಿಸ್ಥಾಪಕ ಗುಣಾಂಕ ಸುಮಾರು 210 ಗಿಗಾಪಾಸ್ಕಲ್, ಟೈಟೇನಿಯಂನದು 110, ಗಟ್ಟಿ ಎಲುಬಿನದು 20ರ ಆಸುಪಾಸು. ಎಲುಬಿನೊಡನೆ ಬಾಗುವ ಗುಣ ಎರಡಕ್ಕೂ ಕಡಿಮೆಯೇ.

ರೊಟ್ಟಿಯ ಪ್ರಶ್ನೆ ಇಲ್ಲಿಯೇ ಬರುತ್ತದೆ. ಸಹಜ ಹಲ್ಲು ತನ್ನ ನಾರಿನ ಪದರದ ಮೇಲೆ 25ರಿಂದ 100 ಮೈಕ್ರಾನಿನಷ್ಟು ಕುಸಿದು ಏಳುತ್ತದೆ. ಇಂಪ್ಲಾಂಟ್ ಕದಲುವುದು 3ರಿಂದ 5 ಮೈಕ್ರಾನ್ ಮಾತ್ರ. ಹೊರೆಯನ್ನು ತಡೆದು ತೂಗುವ ಆ ಪದರವಿಲ್ಲದುದರಿಂದ, ಪಕ್ಕಕ್ಕೆ ಬೀಳುವ ಬಲ ಕತ್ತಿನ ಎಲುಬಿನ ಮೇಲೆಯೇ ಒಟ್ಟುಗೂಡುತ್ತದೆ. ಕೃತಕ ಹಲ್ಲಿನ ಅಗಲವನ್ನು ತಗ್ಗಿಸುವುದು, ಏಣುಗಳನ್ನು ತಗ್ಗಾಗಿಸುವುದು ಬ್ರಾಂಡಿನ ಆಯ್ಕೆಗಿಂತ ಹೆಚ್ಚು ಪ್ರಯೋಜನಕಾರಿಯೆನಿಸುವುದು ಈ ಕಾರಣಕ್ಕೆ.

ಹೊರೆಗಿಂತಲೂ ಹೆಚ್ಚಿನ ಶತ್ರು ಸೋಂಕು. ಹಿಂದೆ ಒಸಡಿನ ರೋಗದಿಂದ ಹಲ್ಲು ಕಳೆದುಕೊಂಡವರಲ್ಲಿ, ಸ್ವಚ್ಛತೆ ಕಡಿಮೆ ಇರುವವರಲ್ಲಿ ಇಂಪ್ಲಾಂಟ್ ಸುತ್ತಲಿನ ಎಲುಬು ಕರಗುವ ಅಪಾಯ ಅಧಿಕ. ಧೂಮಪಾನ ಮತ್ತು ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಗಳ ಕಡೆಗೂ ಸಾಕ್ಷ್ಯಗಳು ಬೆರಳು ಮಾಡುತ್ತವೆ. ನೆರೆಯ ನಿಪ್ಪಾಣಿಯ ತಂಬಾಕಿನ ಸೀಮೆಯಲ್ಲಿ ಇದನ್ನು ಮರೆಯುವಂತಿಲ್ಲ. ಈ ಕರಗುವಿಕೆಯಲ್ಲಿ ನೋವು ಕಡಿಮೆ, ಆದುದರಿಂದ ರೋಗಿಗೆ ತಿಳಿಯುವಾಗ ತಡವಾಗಿರುತ್ತದೆ. 2017ರ ಅಂತರರಾಷ್ಟ್ರೀಯ ವರ್ಗೀಕರಣವು ರೋಗನಿರ್ಣಯವನ್ನು ಆರಂಭದ ಕ್ಷ-ಕಿರಣ ಚಿತ್ರದೊಡನೆ ಹೋಲಿಸಿ ಮಾಡಬೇಕೆಂದು ಹೇಳುತ್ತದೆ. ಆ ಚಿತ್ರವಿಲ್ಲದಿದ್ದರೆ ರಕ್ತಸ್ರಾವ ಮತ್ತು 6 ಮಿಲಿಮೀಟರ್ ಆಳದ ಜೊತೆಗೆ 3 ಮಿಲಿಮೀಟರ್ ಎಲುಬು ಹೋದ ಮೇಲಷ್ಟೇ ರೋಗವೆಂದು ಹೇಳಲು ಬರುತ್ತದೆ. ಕೃತಕ ಹಲ್ಲು ಕೂರಿಸಿದ ದಿನದ ಚಿತ್ರವನ್ನೂ ಇಂಪ್ಲಾಂಟ್‌ನ ಹೆಸರು, ಅಳತೆಗಳಿರುವ ಚೀಟಿಯನ್ನೂ ರೋಗಿ ಮನೆಯಲ್ಲಿಟ್ಟುಕೊಂಡಿದ್ದರೆ, ಮುಂದೆ ಊರು ಬದಲಾದರೂ ವೈದ್ಯರು ಬದಲಾದರೂ ಹೋಲಿಕೆ ಸಾಧ್ಯ.

ಖರ್ಚಿನ ಭಯದಿಂದ ಹಿಂಜರಿಯುವವರಿಗೆ 2002ರ ಮೆಕ್‌ಗಿಲ್ ಒಮ್ಮತದ ಹೇಳಿಕೆ ಮುಖ್ಯವಾದುದು. ಹಲ್ಲೇ ಇಲ್ಲದ ಕೆಳದವಡೆಗೆ ಮುಂಭಾಗದಲ್ಲಿ ಎರಡೇ ಇಂಪ್ಲಾಂಟ್ ನೆಟ್ಟು, ಅವಕ್ಕೆ ಗುಂಡಿಯಂತೆ ಸಿಕ್ಕಿಕೊಳ್ಳುವ ತೆಗೆದುಹಾಕಬಹುದಾದ ಸೆಟ್ಟು ಕೊಡುವುದನ್ನು ಮೊದಲ ಆಯ್ಕೆಯಾಗಿ ಅದು ಸೂಚಿಸಿತು. ಆ ಮುಂಭಾಗದ ಎಲುಬು ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ಸೆಟ್ಟನ್ನು ರಾತ್ರಿ ತೆಗೆದು ಇಂಪ್ಲಾಂಟ್‌ಗಳ ಸುತ್ತ ಬ್ರಷ್‌ನಿಂದ ಉಜ್ಜಲು ವಯಸ್ಸಾದವರ ಕೈಗೂ ಎಟುಕುತ್ತದೆ.