ಸಾಂಕ್ರಾಮಿಕದ ಕಾಲದ ಆಹಾರ ನೆರವು: ನಗರಾಡಳಿತದ ಹಣ ಹಾಗೂ ಸರಬರಾಜುದಾರನ ಬಾಕಿ

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್-19ರ ಕಾರಣ ವ್ಯಾಪಾರ ವಹಿವಾಟುಗಳು ಏಕಾಏಕಿ ಸ್ಥಗಿತಗೊಂಡಾಗ, ಅಮೆರಿಕದ ನಗರಗಳಲ್ಲಿ ಉಚಿತ ದಿನಸಿ ಹಂಚುತ್ತಿದ್ದ ಲಾಭರಹಿತ ಸಂಸ್ಥೆಗಳ ಮುಂದೆ ಜನರ ಸಾಲು ಬೆಳೆಯಿತು. ನಗರಾಡಳಿತಗಳು ಹಣ ಒದಗಿಸಿದವು. ಆದರೆ ಆ ಹಣ ಸಾಗಿದ ದಾರಿ ಒಂದೇ ಆಗಿರಲಿಲ್ಲ. ದಾರಿ ಬದಲಾದಂತೆ, ಸರಕು ಒದಗಿಸಿದ ವರ್ತಕನಿಗೆ ಹಣ ಪಾವತಿಸಬೇಕಾದವರು ಯಾರು ಎಂಬುದೂ ಬದಲಾಗುತ್ತಿತ್ತು.

ಮೊದಲನೆಯದು ನೇರ ಖರೀದಿ. ನ್ಯೂಯಾರ್ಕ್ ನಗರದ ತುರ್ತು ಆಹಾರ ನೆರವು ಯೋಜನೆಯಲ್ಲಿ ನಗರಾಡಳಿತವೇ ಆಹಾರ ಪದಾರ್ಥಗಳನ್ನು ಖರೀದಿಸಿ ಸಂಸ್ಥೆಗಳಿಗೆ ತಲುಪಿಸುತ್ತಿತ್ತು. ಇಲ್ಲಿ ಸಂಸ್ಥೆಯ ಕೈಗೆ ಬರುವುದು ಸರಕು. ವರ್ತಕನ ಗ್ರಾಹಕ ನಗರಾಡಳಿತ. ಎರಡನೆಯದು ಚೀಟಿ ಪದ್ಧತಿ. ಸಿಯಾಟಲ್ ನಗರವು 2020ರ ಮಾರ್ಚ್‌ನಲ್ಲಿ 6,250 ಕುಟುಂಬಗಳಿಗೆ ತಲಾ 800 ಡಾಲರ್ ಮೌಲ್ಯದ ದಿನಸಿ ಚೀಟಿಗಳನ್ನು, ಒಟ್ಟು 50 ಲಕ್ಷ ಡಾಲರ್ ವೆಚ್ಚದಲ್ಲಿ, ನೀಡುವುದಾಗಿ ಪ್ರಕಟಿಸಿತು. ಅಂಗಡಿಯವನ ದೃಷ್ಟಿಯಿಂದ ಇದು ಬಾಕಿಯ ತಲೆನೋವಿಲ್ಲದ ವ್ಯವಸ್ಥೆ. ಆದರೆ ಆ ಚೀಟಿಗಳು ಸೇಫ್‌ವೇ ಮಳಿಗೆಗಳಲ್ಲಿ ಮಾತ್ರ ಚಲಾವಣೆಯಾಗುತ್ತಿದ್ದುದರಿಂದ ಬೀದಿ ಮೂಲೆಯ ಸಣ್ಣ ಅಂಗಡಿಗೆ ಅದರಿಂದ ಬಂದ ವ್ಯಾಪಾರ ಶೂನ್ಯವೆಂದೇ ಹೇಳಬೇಕು.

ಮೂರನೆಯದಾದ ಅನುದಾನ ಪದ್ಧತಿಯೇ ಹೆಚ್ಚು ಜಟಿಲವಾದುದು. 2021ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಅಮೆರಿಕನ್ ರೆಸ್ಕ್ಯೂ ಪ್ಲ್ಯಾನ್ ಕಾಯಿದೆಯು ರಾಜ್ಯಗಳಿಗೂ ಸ್ಥಳೀಯ ಸರ್ಕಾರಗಳಿಗೂ 35,000 ಕೋಟಿ ಡಾಲರ್ ಒದಗಿಸಿತು. ಇದನ್ನು ಆಹಾರ ನೆರವಿಗೂ ಬಳಸಬಹುದಾಗಿತ್ತು. 2024ರ ಡಿಸೆಂಬರ್ 31ರೊಳಗೆ ಹಣವನ್ನು ಒಪ್ಪಂದಗಳಿಗೆ ಬದ್ಧಗೊಳಿಸಬೇಕು, 2026ರ ಡಿಸೆಂಬರ್ 31ರೊಳಗೆ ವ್ಯಯಿಸಬೇಕು ಎಂಬುದು ಷರತ್ತು. ನಗರದ ಪರವಾಗಿ ಕಾರ್ಯಕ್ರಮ ನಡೆಸುವ ಸಂಸ್ಥೆಯನ್ನು ಇಲ್ಲಿ ಉಪ ಅನುದಾನಿತ ಸಂಸ್ಥೆ ಎಂದು ಪರಿಗಣಿಸಲಾಗುತ್ತದೆ. ಅಂತಹ ಸಂಸ್ಥೆಯು ಒಂದು ವರ್ಷದಲ್ಲಿ 7.5 ಲಕ್ಷ ಡಾಲರ್ ಅಥವಾ ಅದಕ್ಕೂ ಹೆಚ್ಚಿನ ಕೇಂದ್ರ ಅನುದಾನವನ್ನು ವ್ಯಯಿಸಿದರೆ ವಿಶೇಷ ಲೆಕ್ಕಪರಿಶೋಧನೆಗೆ ಒಳಪಡಬೇಕಿತ್ತು. 2024ರ ಅಕ್ಟೋಬರ್ 1ರಿಂದೀಚೆಗೆ ಆರಂಭವಾಗುವ ಲೆಕ್ಕವರ್ಷಗಳಿಗೆ ಈ ಮಿತಿಯನ್ನು 10 ಲಕ್ಷ ಡಾಲರಿಗೆ ಏರಿಸಲಾಯಿತು. ಅದೇ ಸಂಸ್ಥೆಗೆ ಅಕ್ಕಿಯನ್ನೋ ಹಾಲನ್ನೋ ಮಾರಿದ ವರ್ತಕ ಕೇವಲ ಗುತ್ತಿಗೆದಾರ. ಅವನಿಗೆ ಈ ಪರಿಶೋಧನೆಯ ಹೊಣೆಯಿಲ್ಲ. ಆದರೆ ನಗರಾಡಳಿತದ ಮೇಲೆ ನೇರ ಹಕ್ಕೂ ಇಲ್ಲ.

ಸಮಸ್ಯೆಯ ಮೂಲ ಇಲ್ಲಿದೆ. ಇಂತಹ ಅನೇಕ ಒಪ್ಪಂದಗಳಲ್ಲಿ ಸಂಸ್ಥೆಯು ಮೊದಲು ಖರ್ಚು ಮಾಡಿ, ರಸೀದಿಗಳನ್ನು ಸಲ್ಲಿಸಿ, ಆನಂತರ ಹಣ ಮರಳಿ ಪಡೆಯುತ್ತದೆ. ನ್ಯೂಯಾರ್ಕ್‌ನಲ್ಲಿ ಒಪ್ಪಂದವು ನಗರದ ಲೆಕ್ಕ ನಿಯಂತ್ರಕರ ಕಚೇರಿಯಲ್ಲಿ ನೋಂದಣಿಯಾಗುವವರೆಗೆ ಪಾವತಿಯಿಲ್ಲ; ಕೆಲಸ ಆರಂಭವಾಗಿ ಎಷ್ಟೋ ತಿಂಗಳ ಮೇಲೆ ನೋಂದಣಿಯಾದ ಒಪ್ಪಂದಗಳು ಹಲವು. 2022ರಲ್ಲಿ ಮೇಯರ್ ಹಾಗೂ ಲೆಕ್ಕ ನಿಯಂತ್ರಕರ ಜಂಟಿ ಕಾರ್ಯಪಡೆಯ ಪ್ರಯತ್ನದಿಂದ ಬಿಡುಗಡೆಯಾದ ಮೊತ್ತ 420 ಕೋಟಿ ಡಾಲರಿಗೂ ಮಿಕ್ಕಿತ್ತು. ಇದರಲ್ಲಿ ಆಹಾರೇತರ ಸೇವೆಗಳ ಒಪ್ಪಂದಗಳೂ ಸೇರಿವೆ. ಮಧ್ಯಂತರದಲ್ಲಿ ಸಂಸ್ಥೆಗಳಿಗೆ ಬಡ್ಡಿರಹಿತ ಸಾಲ ನೀಡುವ ನಿಧಿಯೊಂದು ಆ ನಗರದಲ್ಲಿರುವುದು ಶ್ಲಾಘನೀಯವೇ. ಆದರೆ ಸರಬರಾಜುದಾರನಿಗೆ ಅದರ ಸೌಲಭ್ಯವಿಲ್ಲ. ಸಂಸ್ಥೆಗೆ ಹಣ ಬರುವತನಕ ಅವನ ದುಡಿಯುವ ಬಂಡವಾಳವೇ ಯೋಜನೆಯನ್ನು ನಡೆಸುತ್ತಿರುತ್ತದೆ ಎಂದರೆ ತಪ್ಪಾಗಲಾರದು.

ನಮ್ಮಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2017ರಲ್ಲಿ ಆರಂಭಿಸಿದ ಇಂದಿರಾ ಕ್ಯಾಂಟೀನ್‌ಗಳಲ್ಲಿ 5 ರೂಪಾಯಿಗೆ ಉಪಾಹಾರ, 10 ರೂಪಾಯಿಗೆ ಊಟ ದೊರೆಯುತ್ತಿತ್ತು. 2021ರ ಮೇ ತಿಂಗಳ ಲಾಕ್‌ಡೌನ್ ಕಾಲದಲ್ಲಿ ಊಟವನ್ನು ಉಚಿತವಾಗಿ ನೀಡಲಾಯಿತು. ಅಡುಗೆ ಗುತ್ತಿಗೆದಾರರಿಗೆ ಪಾಲಿಕೆಯೇ ಹಣ ಕೊಡುತ್ತಿದ್ದುದರಿಂದ ಇದು ಅನುದಾನವಲ್ಲ, ಖರೀದಿ. ಆದರೆ ಆ ಗುತ್ತಿಗೆದಾರರಿಗೆ ಅಥವಾ ಸೇವಾ ಸಂಸ್ಥೆಗೆ ಉದ್ದರಿಯಲ್ಲಿ ದಿನಸಿ ಕೊಡುವವರ ಸ್ಥಿತಿ ನ್ಯೂಯಾರ್ಕ್‌ನ ವರ್ತಕನಿಗಿಂತ ಭಿನ್ನವಲ್ಲ. 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆಯ 15ನೇ ಕಲಮಿನಂತೆ, ನೋಂದಾಯಿತ ಸೂಕ್ಷ್ಮ ಹಾಗೂ ಸಣ್ಣ ತಯಾರಕರಿಗೆ ಲಿಖಿತ ಕರಾರಿದ್ದರೂ 45 ದಿನ ಮೀರದಂತೆ ಹಣ ಸಲ್ಲಬೇಕು. ತಪ್ಪಿದಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತಗಲುತ್ತದೆ. ಖರೀದಿದಾರ ಧರ್ಮಾರ್ಥ ಸಂಸ್ಥೆಯೆಂಬ ಕಾರಣಕ್ಕೆ ವಿನಾಯಿತಿಯಿಲ್ಲ. ಸಗಟು ಮತ್ತು ಚಿಲ್ಲರೆ ವರ್ತಕರಿಗೆ ಮಾತ್ರ ಈ ರಕ್ಷಣೆ ಅನ್ವಯಿಸುವುದಿಲ್ಲ. 2021ರ ಜುಲೈ 2ರಂದು ಅವರಿಗೆ ದೊರೆತ ಉದ್ಯಮ್ ನೋಂದಣಿ ಬ್ಯಾಂಕುಗಳ ಆದ್ಯತಾ ಸಾಲಕ್ಕಷ್ಟೇ ಸೀಮಿತ. ಆದುದರಿಂದ ಅವರು ಪಾವತಿಯ ಗಡುವನ್ನೂ ಬಡ್ಡಿಯನ್ನೂ ಖರೀದಿ ಆದೇಶದಲ್ಲಿಯೇ ಬರೆಸಿಕೊಳ್ಳಬೇಕಾಗುತ್ತದೆ.