ಕನ್ನಡಿಗೊಂದು ಚೌಕಟ್ಟು

ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವವರು ಅದರ ಬೆನ್ನನ್ನು ನೋಡುವುದು ಅಪರೂಪ. ಆದರೆ ಕನ್ನಡಿಯ ಆಯುಷ್ಯವೆಲ್ಲ ಆ ಬೆನ್ನಿನಲ್ಲಿಯೇ ಅಡಗಿದೆ. ಗಾಜಿನ ಮೇಲೆ ಬೆಳ್ಳಿಯ ತೆಳುಪದರವನ್ನು ಕೂಡಿಸುವ ರಾಸಾಯನಿಕ ಕ್ರಮವನ್ನು 1835ರಲ್ಲಿ ಜರ್ಮನಿಯ ವಿಜ್ಞಾನಿ ಲೀಬಿಗ್ ಕಂಡುಹಿಡಿದನು. ಇಂದಿನ ಗೋಡೆಗನ್ನಡಿಯ ಮೂಲ ಅದೇ. ಆ ಬೆಳ್ಳಿಗೆ ತೇವವೇ ವೈರಿ. ಅಂಚಿನಲ್ಲಿ ನುಸುಳಿದ ತೇವವು ಕಪ್ಪು ಕಲೆಯಾಗಿ ಮೆಲ್ಲನೆ ಒಳಕ್ಕೆ ಹಬ್ಬುತ್ತದೆ.

ಶಿವಮೊಗ್ಗೆಯ ಗೋಪಾಳದಲ್ಲಿ ಹೊಸ ಮನೆ ಕಟ್ಟಿದವರು ಮುಂಗಾರಿನ ದಿನಗಳಲ್ಲಿ ಇದನ್ನು ಮರೆಯುವಂತಿಲ್ಲ. ಮಲೆನಾಡಿನ ಹೆಬ್ಬಾಗಿಲೆನಿಸಿದ ಈ ಊರಿನಲ್ಲಿ ಕನ್ನಡಿಗೆ ಚೌಕಟ್ಟು ಬರಿಯ ಅಲಂಕಾರವಲ್ಲ, ರಕ್ಷೆ.

ಇದೇ ಜಿಲ್ಲೆಯ ಸಾಗರ, ಸೊರಬಗಳ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಕನ್ನಡಿಯ ಚೌಕಟ್ಟಿಗೆ ಅಂತಹ ಕುಸುರಿಯೇನೂ ಬೇಕಿಲ್ಲ. ಹಿರಿಯರ ಮನೆ ಬಿಚ್ಚಿದಾಗ ಉಳಿದ ತೇಗದ ಬಾಗಿಲವಾಡವೊಂದಿದ್ದರೆ ಸಾಕು. ಎಷ್ಟೋ ಮಳೆಗಾಲ ಕಂಡ ಆ ಮರವು ಚೆನ್ನಾಗಿ ಒಣಗಿರುತ್ತದೆ. ಹಸಿಮರವಾದರೆ ಬೇಸಗೆಯಲ್ಲಿ ಅಡ್ಡಗಲಕ್ಕೆ ಕುಗ್ಗಿ, ಮೂಲೆಯ ಓರೆಗೂಡಿಕೆ ಒಳತುದಿಯಲ್ಲಿ ಬಾಯಿ ಬಿಡುತ್ತದೆ. ಹಳೆಯ ಮರದಲ್ಲಿ ಹುದುಗಿದ ಮೊಳೆಗಳನ್ನು ಮಾತ್ರ ಮೊದಲೇ ಹುಡುಕಿ ಕೀಳಬೇಕು. ಇಲ್ಲವಾದರೆ ಹತ್ತರಿಯ ಅಲಗು ಮುಕ್ಕಾಗುವುದು.

ಕನ್ನಡಿಯ ಅಳತೆ 45 ಮತ್ತು 60 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಪಟ್ಟಿಯ ಅಗಲ 5 ಸೆಂಟಿಮೀಟರ್, ದಪ್ಪ 22 ಮಿಲಿಮೀಟರ್ ಇರಲಿ. ಪಟ್ಟಿಯ ಹಿಂಬದಿಯಲ್ಲಿ, ಒಳ ಅಂಚಿನ ಉದ್ದಕ್ಕೂ 8 ಮಿಲಿಮೀಟರ್ ಅಗಲ, 12 ಮಿಲಿಮೀಟರ್ ಆಳದ ಮೆಟ್ಟಿಲನ್ನು ತೆಗೆಯಬೇಕು. ಕನ್ನಡಿ ಕೂರುವುದು ಅದರಲ್ಲಿ. ಸುತ್ತಲೂ 2 ಮಿಲಿಮೀಟರ್ ಸಡಿಲ ಬಿಟ್ಟರೆ ಪಟ್ಟಿಗಳ ಹೊರ ಅಂಚಿನ ಉದ್ದ 53.8 ಮತ್ತು 68.8 ಸೆಂಟಿಮೀಟರ್ ಆಗುತ್ತದೆ.

ನಾಲ್ಕು ಪಟ್ಟಿಗಳ ಎಂಟು ತುದಿಗಳನ್ನೂ 45 ಡಿಗ್ರಿಗೆ ಕೊಯ್ಯಬೇಕು. ಒಂದೊಂದು ಕೊಯ್ತದಲ್ಲಿ ಅರ್ಧ ಡಿಗ್ರಿ ತಪ್ಪಿದರೂ ಕೊನೆಯ ಮೂಲೆಯಲ್ಲಿ ಒಟ್ಟು 4 ಡಿಗ್ರಿಯ ಬಿರುಕು ಕಾಣುತ್ತದೆ. ಅಂಟು ಹಚ್ಚಿ ಬಿಗಿದ ಮೇಲೆ ಮೂಲೆಯಿಂದ ಮೂಲೆಗೆ ಅಳೆಯಬೇಕು. ಎರಡು ಅಳತೆಗಳೂ ಸಮನಾದರೆ ಚೌಕಟ್ಟು ನೆಟ್ಟಗಿದೆಯೆಂದು ತಿಳಿಯಬಹುದು.

ಹೊಸಬರು ಎಡವುವುದು ಇನ್ನು ಮುಂದೆ. ಅಲುಗದಿರಲೆಂದು ಅವರು ಕನ್ನಡಿಯನ್ನು ಒತ್ತಿ ಕೂರಿಸುತ್ತಾರೆ, ಇಲ್ಲವೆ ಬೆನ್ನಿಗೆ ಅಂಟು ಬಳಿಯುತ್ತಾರೆ. ಮಳೆಗಾಲದಲ್ಲಿ ಮರ ಉಬ್ಬಿದಾಗ ಬಿಗಿಯಾದ ಗಾಜು ಸೀಳಬಹುದು. ಹುಳಿವಾಸನೆಯ ಅಂಟು ಬೆಳ್ಳಿಯನ್ನೇ ತಿನ್ನುತ್ತದೆ. ಕೆಳ ಅಂಚಿನಲ್ಲಿ ಬಿರಡೆಯ ಎರಡು ತೆಳುಚೂರುಗಳನ್ನಿಟ್ಟು ಗಾಜನ್ನು ಅವುಗಳ ಮೇಲೆ ನಿಲ್ಲಿಸಿ, ಹಿಂದೆ ತೆಳುಹಲಗೆಯನ್ನು ತಿರುಪುಮೊಳೆಗಳಿಂದ ಕೂಡಿಸಿದರೆ ಸಾಕು. ಮುಂದೆಂದಾದರೂ ಗಾಜು ಬದಲಿಸಬೇಕಾದರೆ ಚೌಕಟ್ಟು ಹಾಗೆಯೇ ಉಳಿಯುವುದು.

4 ಮಿಲಿಮೀಟರ್ ದಪ್ಪದ ಗಾಜೊಂದೇ 2.7 ಕಿಲೋ ತೂಗುತ್ತದೆ. ಮರ, ಹಲಗೆ ಸೇರಿದರೆ 5 ಕಿಲೋ ಮುಟ್ಟುತ್ತದೆ. ಕೆಳಗೆ ಮಕ್ಕಳು ಆಡುವ ಮನೆಯಲ್ಲಿ ಒಂದು ಮೊಳೆ, ಒಂದು ದಾರವನ್ನು ನಂಬುವುದು ಸಲ್ಲದು. ಗೋಡೆಯಲ್ಲಿ ಬಲವಾಗಿ ಕೂರಿಸಿದ ಎರಡು ತಿರುಪುಮೊಳೆಗಳು ಬೇಕು. ಕೆಳಮೂಲೆಗಳ ಹಿಂದೆ ಎರಡು ಮರದ ಚೂರುಗಳನ್ನು ಬಡಿದರೆ ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿಯಾಡಿ, ತೇವ ನಿಲ್ಲದು.

ಅಜ್ಜಿ ತಲೆಬಾಗಿ ದಾಟುತ್ತಿದ್ದ ಬಾಗಿಲವಾಡದ ಮರದೊಳಗೆ ಈಗ ಮೊಮ್ಮಗಳು ತಲೆಯೆತ್ತಿ ಜಡೆ ಸರಿಪಡಿಸಿಕೊಳ್ಳುತ್ತಾಳೆ. ಹಳೆಯ ಮನೆ ಹೋದರೂ ಅದರ ಒಂದು ತುಂಡು ಹೊಸ ಮನೆಯಲ್ಲಿ ದಿನವೂ ಕೆಲಸಕ್ಕೆ ಬರುತ್ತಿದೆ.