ಪಾರ್ಕಿಂಗಿನಲ್ಲೊಂದು ಪವರ್ ಪಾಯಿಂಟ್

ಎಲೆಕ್ಟ್ರಿಕ್ ಸ್ಕೂಟರಿಗೆ ಸರ್ಕಾರದಿಂದ ಎಷ್ಟು ಸಬ್ಸಿಡಿ ಬರುತ್ತದೆ ಎಂದು ಕೇಳುವವರು ಬಹಳ ಮಂದಿ. ರಾತ್ರಿ ಗಾಡಿಯನ್ನು ಎಲ್ಲಿ ಚಾರ್ಜಿಗೆ ಹಾಕುತ್ತೀರಿ ಎಂದು ನಾನು ತಿರುಗಿ ಕೇಳಿದರೆ ಹೆಚ್ಚಿನವರ ಬಳಿ ಉತ್ತರ ಇರುವುದಿಲ್ಲ. ಬೆಂಗಳೂರಿನ ಲಗ್ಗೆರೆ, ಪೀಣ್ಯ, ಕಾಮಾಕ್ಷಿಪಾಳ್ಯದ ಕಡೆ ವೈರಿಂಗ್ ಮತ್ತು ಮೀಟರ್ ಕೆಲಸ ಮಾಡುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ನಾನು. ಮೂವತ್ತು ನಲವತ್ತರ ಸೈಟು, ಅದರ ಮೇಲೆ ಮೂರಂತಸ್ತು, ಏಳೆಂಟು ಬಾಡಿಗೆ ಮನೆ, ಕೆಳಗೆ ಸಾಲಾಗಿ ಮೀಟರುಗಳು, ಮೆಟ್ಟಿಲ ಬುಡದಲ್ಲಿ ಒತ್ತೊತ್ತಾಗಿ ನಿಂತ ಬೈಕುಗಳು. ನಾನು ಕೆಲಸ ಮಾಡುವ ಕಟ್ಟಡಗಳೆಲ್ಲ ಹೆಚ್ಚುಕಡಿಮೆ ಹೀಗೇ. ಸರ್ಕಾರದ ಹಣ ಶೋರೂಮಿನವರೆಗೂ ಬಂದಿದೆ, ಹೆದ್ದಾರಿಯವರೆಗೂ ಹೋಗಿದೆ, ಇಲ್ಲಿಗೆ ಮಾತ್ರ ಇನ್ನೂ ಬಂದಿಲ್ಲ.

ಮೊದಲು ಶೋರೂಮಿನ ಲೆಕ್ಕ ನೋಡೋಣ. ಕೇಂದ್ರದ 'ಫೇಮ್' ಯೋಜನೆ ಶುರುವಾದದ್ದು 2015ರಲ್ಲಿ. ಅದರ ಎರಡನೇ ಹಂತ 2019ರ ಏಪ್ರಿಲ್‌ನಲ್ಲಿ 10,000 ಕೋಟಿ ರೂಪಾಯಿಯೊಂದಿಗೆ ಬಂತು. ಸಬ್ಸಿಡಿ ಲೆಕ್ಕ ಹಾಕುವುದು ಬ್ಯಾಟರಿಯ ಗಾತ್ರದ ಮೇಲೆ. ಮೂರು ಕಿಲೋವ್ಯಾಟ್ ಅವರ್ ಬ್ಯಾಟರಿಯ ಸ್ಕೂಟರನ್ನೇ ತೆಗೆದುಕೊಳ್ಳಿ. 2021ರ ಜೂನ್‌ನಲ್ಲಿ ಕಿಲೋವ್ಯಾಟ್ ಅವರ್‌ಗೆ 15,000 ರೂಪಾಯಿಯಂತೆ 45,000 ರೂಪಾಯಿ ಬೆಲೆಯಲ್ಲೇ ಕಡಿತವಾಗುತ್ತಿತ್ತು. 2023ರ ಜೂನ್‌ನಿಂದ ಆ ದರ 10,000ಕ್ಕೆ ಇಳಿಯಿತು, ಜೊತೆಗೆ ಗಾಡಿಯ ಬೆಲೆಯ ಶೇ 15ನ್ನು ಮೀರಬಾರದು ಎಂಬ ಮಿತಿಯೂ ಬಂತು. 2024ರ ಏಪ್ರಿಲ್‌ನಲ್ಲಿ ಗಾಡಿಯೊಂದಕ್ಕೆ ಗರಿಷ್ಠ 10,000 ರೂಪಾಯಿ ಎಂದಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 10,900 ಕೋಟಿಯ 'ಪಿಎಂ ಇ-ಡ್ರೈವ್' ಬಂತು. ಅದರಲ್ಲಿ ಮೊದಲ ವರ್ಷ ಗರಿಷ್ಠ 10,000, ಎರಡನೇ ವರ್ಷ 5,000. 2025ರ ಆಗಸ್ಟ್‌ನಲ್ಲಿ ಇಡೀ ಯೋಜನೆಯನ್ನು 2028ರ ಮಾರ್ಚ್‌ವರೆಗೆ ಮುಂದುವರಿಸಿದರು. ಆದರೆ ಸ್ಕೂಟರ್ ಸಬ್ಸಿಡಿಗೆ ಹಾಕಿದ ಗಡುವು 2026ರ ಮಾರ್ಚ್. ಈ ಹಣಕ್ಕಾಗಿ ಗಿರಾಕಿ ಯಾವ ಕಚೇರಿಗೂ ಅಲೆಯಬೇಕಿರಲಿಲ್ಲ. ಆಧಾರ್ ದೃಢೀಕರಣದ ಇ-ವೋಚರಿಗೆ ಸಹಿ ಹಾಕಿದರೆ ಬಿಲ್ಲಿನಲ್ಲೇ ಕಡಿತ, ಕಂಪನಿ ಆಮೇಲೆ ಕೇಂದ್ರದಿಂದ ವಸೂಲು ಮಾಡಿಕೊಳ್ಳುತ್ತಿತ್ತು. ಈ ಏರ್ಪಾಡು ನಿಜಕ್ಕೂ ಒಳ್ಳೆಯದಿತ್ತು.

ತೆರಿಗೆಯಲ್ಲೂ ಅನುಕೂಲ ಇದೆ. 2019ರ ಆಗಸ್ಟ್‌ನಿಂದ ವಿದ್ಯುತ್ ವಾಹನಕ್ಕೆ ಜಿಎಸ್‌ಟಿ ಶೇ 5. ಪೆಟ್ರೋಲ್ ಬೈಕಿಗೆ ಶೇ 28 ಇದ್ದದ್ದು 2025ರ ಸೆಪ್ಟೆಂಬರ್‌ನಲ್ಲಿ 350 ಸಿಸಿವರೆಗಿನವಕ್ಕೆ ಶೇ 18ಕ್ಕೆ ಇಳಿದಿದ್ದರಿಂದ ನಡುವಿನ ಅಂತರ ಕಿರಿದಾಗಿದೆ. ವಿದ್ಯುತ್ ವಾಹನಕ್ಕೆಂದೇ ನೀತಿ ತಂದ ಮೊದಲ ರಾಜ್ಯ ನಮ್ಮದು, 2017ರಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ ರಾಜ್ಯ ಸರ್ಕಾರ ಮೋಟಾರು ವಾಹನ ತೆರಿಗೆ ಬಿಟ್ಟುಕೊಟ್ಟಿತ್ತು. 2024ರಲ್ಲಿ 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳಿಗೆ ಶೇ 10ರ ತೆರಿಗೆ ಬಂತು.

ಇಷ್ಟು ಹಣ, ಇಷ್ಟು ವರ್ಷ. ಇದರ ಫಲ ಹೆಚ್ಚಾಗಿ ಹೋದದ್ದು ಸ್ವಂತ ಮನೆ, ಸ್ವಂತ ಪೋರ್ಟಿಕೊ ಇದ್ದವರಿಗೆ. ದಿನಕ್ಕೆ ನೂರು ಕಿಲೋಮೀಟರ್ ಓಡಿಸುವ ಡೆಲಿವರಿ ಹುಡುಗನಿಗೆ ಉಳಿತಾಯ ಎಲ್ಲರಿಗಿಂತ ಜಾಸ್ತಿ. ಅವನು ಇರುವುದು ಬಾಡಿಗೆ ಮನೆಯಲ್ಲಿ, ಮೂರನೇ ಮಹಡಿಯಲ್ಲಿ.

ಲಗ್ಗೆರೆಯ ಒಂದು ಕಟ್ಟಡಕ್ಕೆ ಮನೆ ಓನರಮ್ಮ ನನ್ನನ್ನು ಕರೆಸಿದ್ದರು. ಮೂರನೇ ಮಹಡಿಯ ಕಿಟಕಿಯಿಂದ ಕೆಳಗಿನವರೆಗೆ ತೆಳ್ಳನೆಯ ವೈರು ಇಳಿಬಿಟ್ಟಿತ್ತು. ಅದರ ತುದಿಗೆ ಎಕ್ಸ್‌ಟೆನ್ಷನ್ ಬಾಕ್ಸ್, ಅದರಲ್ಲಿ ಸ್ಕೂಟರಿನ ಚಾರ್ಜರ್. ಬಾಕ್ಸ್ ಮುಟ್ಟಿದರೆ ಕೈ ಚುರ್ ಎನ್ನುವಷ್ಟು ಬಿಸಿ. ಪ್ಲಗ್ ತೆಗೆದು ನೋಡಿದರೆ ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಿಹೋಗಿತ್ತು.

"ನನ್ನ ಬಿಲ್ಡಿಂಗಿಗೆ ಬೆಂಕಿ ಬಿದ್ರೆ ಯಾರಪ್ಪಾ ಗತಿ? ಗಾಡಿ ಮಾರ್ಬಿಡು ಅಂತ ಹೇಳಿದೀನಿ," ಅಂದರು ಆಕೆ.

"ಆಂಟಿ, ಕರೆಂಟು ನನ್ನ ಮೀಟರಿಂದಾನೇ ಹೋಗೋದು. ನಿಮ್ಗೇನೂ ಬಿಲ್ ಬರಲ್ಲ," ಎಂದ ಸ್ಕೂಟರಿನ ಹುಡುಗ. ಆಮೇಲೆ ನನ್ನ ಕಡೆ ತಿರುಗಿ, "ಅಣ್ಣಾ, ನೀವಾದ್ರೂ ಹೇಳಿ," ಅಂದ.

ಆಕೆಯ ಭಯದಲ್ಲಿ ತಪ್ಪೇನಿರಲಿಲ್ಲ, ಆ ವೈರಿನಿಂದ ನಿಜಕ್ಕೂ ಬೆಂಕಿ ಬೀಳಬಹುದಿತ್ತು. ಆದರೆ ಹುಡುಗನ ಮೀಟರು ಇದ್ದದ್ದು ಕೆಳಗೇ, ಸ್ಕೂಟರಿನಿಂದ ಹತ್ತು ಅಡಿ ದೂರದಲ್ಲಿ. ಕರೆಂಟು ಅಲ್ಲಿಂದ ಮೂರು ಮಹಡಿ ಹತ್ತಿ, ಕಿಟಕಿಯಿಂದ ಮತ್ತೆ ಮೂರು ಮಹಡಿ ಇಳಿದು ಬರುತ್ತಿತ್ತು! ಮೀಟರಿನ ಪಕ್ಕದ ಮೇನ್ ಸ್ವಿಚ್ಚಿನಿಂದಲೇ ಪೈಪಿನಲ್ಲಿ ಬೇರೆ ಲೈನ್ ಎಳೆದು, ಎರಡೂವರೆ ಎಂಎಂ ತಾಮ್ರದ ವೈರು, ಅದಕ್ಕೆಂದೇ 16 ಆಂಪಿಯರ್ ಎಂಸಿಬಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್ ಕೊಟ್ಟು ಲೋಹದ ಪೆಟ್ಟಿಗೆಯಲ್ಲಿ ಒಂದು ಪವರ್ ಪಾಯಿಂಟ್ ಕೂರಿಸಿದರೆ ಮುಗಿಯಿತು. ಕೂಲಿ ಸೇರಿ ನಾಲ್ಕೈದು ಸಾವಿರದ ಕೆಲಸ. ಆರ್‌ಸಿಸಿಬಿಯ ದುಡ್ಡು ಉಳಿಸಲು ಯಾರೂ ಹೋಗಬಾರದು. ಮಳೆಯಲ್ಲಿ ಒದ್ದೆಯಾದ ಗಾಡಿಯಿಂದ ಮೈಗೆ ಕರೆಂಟು ಹರಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಲೈನ್ ಕಡಿಯುವುದು ಅದೇ.

ಮೀಟರ್ ತಡೆಯುವುದಿಲ್ಲ ಎನ್ನುವ ಓನರುಗಳಿಗೆ ಒಂದು ಮಾತು. ಸ್ಕೂಟರಿನ ಮಾಮೂಲಿ ಚಾರ್ಜರ್ ಎಳೆಯುವುದು ಒಂದು ಕಿಲೋವ್ಯಾಟಿಗಿಂತ ಕಡಿಮೆ. ನಿಮ್ಮ ಗೀಸರ್ ಎರಡು ಕಿಲೋವ್ಯಾಟ್ ಎಳೆಯುತ್ತದೆ. ವ್ಯತ್ಯಾಸ ಇರುವುದು ಸಮಯದಲ್ಲಿ. ಗೀಸರ್ ಕಾಲು ಗಂಟೆ, ಚಾರ್ಜರ್ ನಾಲ್ಕೈದು ಗಂಟೆ. ಅಷ್ಟು ಹೊತ್ತು ಒಂದೇ ಸಮನೆ ಹರಿಯುವ ಕರೆಂಟಿಗೆ ಸಡಿಲ ಪ್ಲಗ್, ತೆಳು ವೈರು ಕಾಯುತ್ತವೆ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಮೇಲೆ ಬ್ಯಾಟರಿಯ ಸುರಕ್ಷತಾ ನಿಯಮ ಎಐಎಸ್-156 ಬಿಗಿಯಾಯಿತು. ಬ್ಯಾಟರಿಗೆ ನಿಯಮ ಬಂತು ಸರಿ, ಗೋಡೆಯ ಪ್ಲಗ್ಗನ್ನು ನಾವೇ ನೋಡಿಕೊಳ್ಳಬೇಕು. ಇನ್ನೊಂದು ಎಚ್ಚರಿಕೆ: ಮೀಟರ್ ಬೋರ್ಡಿನ ಕೆಳಗೆ, ಮೆಟ್ಟಿಲಿಗೆ ಅಡ್ಡಲಾಗಿ ಚಾರ್ಜಿಗೆ ಹಾಕಬೇಡಿ. ಬಹಳ ಕಟ್ಟಡಗಳಲ್ಲಿ ಮೇಲಿನವರು ಹೊರಬರಲು ಇರುವುದು ಅದೊಂದೇ ದಾರಿ.

ಬಿಲ್ಲಿನ ವಿಷಯಕ್ಕೆ ಬಂದರೆ ಎಲ್ಲರ ಪ್ರಶ್ನೆ ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯದು. ದಿನಕ್ಕೆ 40 ಕಿಲೋಮೀಟರ್ ಓಡಿದರೆ ಚಾರ್ಜರಿನಲ್ಲಿ ಸೋರುವುದೂ ಸೇರಿ ಒಂದೂವರೆ ಯೂನಿಟ್, ತಿಂಗಳಿಗೆ 45. ನಿಮಗೆ 66 ಯೂನಿಟ್ ಉಚಿತ ಇದೆ, ಈಗ 60 ಬಳಸುತ್ತಿದ್ದೀರಿ ಎಂದುಕೊಳ್ಳಿ. ಒಟ್ಟು 105 ಆಗುತ್ತದೆ, ಹೆಚ್ಚಿನ 39 ಯೂನಿಟ್ಟಿಗಷ್ಟೇ ದುಡ್ಡು ಕಟ್ಟಬೇಕು. ತೆರಿಗೆಯೆಲ್ಲ ಸೇರಿ ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ 273 ರೂಪಾಯಿ. ಅದೇ 1,200 ಕಿಲೋಮೀಟರಿಗೆ, ಲೀಟರಿಗೆ 45 ಕೊಡುವ ಬೈಕಿನಲ್ಲಿ, ಪೆಟ್ರೋಲ್ ನೂರು ರೂಪಾಯಿ ಎಂದರೂ 2,600 ದಾಟುತ್ತದೆ. ದಿನಕ್ಕೆ ನೂರು ಕಿಲೋಮೀಟರ್ ಓಡಿಸುವವರು ಮಾತ್ರ ಹುಷಾರಾಗಿರಬೇಕು. ಅವರಿಗೆ ಸ್ಕೂಟರೊಂದಕ್ಕೇ ತಿಂಗಳಿಗೆ 110 ಯೂನಿಟ್ ಮೇಲೆ ಬೇಕು, ಮನೆಯದೂ ಸೇರಿ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಕಟ್ಟಿದರೂ ಪೆಟ್ರೋಲಿನ ಅರ್ಧಕ್ಕೂ ಬರುವುದಿಲ್ಲ.

ಹೊಸ ಮೀಟರು ಬೇಕೇ? ಬೇಕಿಲ್ಲ. ಈಗಿರುವ ಸಂಪರ್ಕದಲ್ಲೇ ಮನೆಯಲ್ಲಾಗಲಿ, ಕಚೇರಿಯಲ್ಲಾಗಲಿ ಚಾರ್ಜ್ ಮಾಡಿಕೊಳ್ಳಬಹುದು ಎಂದು ಕೇಂದ್ರ ಇಂಧನ ಸಚಿವಾಲಯ 2022ರ ಜನವರಿಯ ಮಾರ್ಗಸೂಚಿಯಲ್ಲೇ ಹೇಳಿದೆ. ಚಾರ್ಜಿಂಗ್ ಸ್ಟೇಷನ್ ನಡೆಸಲು ವಿದ್ಯುತ್ ಮಾರಾಟದ ಲೈಸೆನ್ಸ್ ಬೇಡ, ಅದೊಂದು ಸೇವೆ ಎಂದು 2018ರಲ್ಲೇ ಸ್ಪಷ್ಟಪಡಿಸಿತ್ತು. ಸ್ಟೇಷನ್ನುಗಳಿಗೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಕೆಇಆರ್‌ಸಿ ಬೇರೆ ದರವನ್ನೂ ನಿಗದಿ ಮಾಡಿದೆ. ಕಾಗದದ ಮೇಲೆ ಅಡ್ಡಿ ಇಲ್ಲ.

ಪಿಎಂ ಇ-ಡ್ರೈವ್‌ನಲ್ಲಿ ಸಾರ್ವಜನಿಕ ಚಾರ್ಜಿಂಗಿಗೆ 2,000 ಕೋಟಿ ಇಟ್ಟಿದ್ದಾರೆ. ಗುರಿ 72,300 ಚಾರ್ಜರ್, ಅದರಲ್ಲಿ 48,400 ದ್ವಿಚಕ್ರ ಮತ್ತು ತ್ರಿಚಕ್ರಗಳಿಗೆ. ಸರ್ಕಾರಿ ಆವರಣದಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟರೆ ಪೂರ್ತಿ ಖರ್ಚು ಸಿಗುತ್ತದೆ. ಮಾಲ್, ಮಾರುಕಟ್ಟೆಗಳಲ್ಲಾದರೆ ಟ್ರಾನ್ಸ್‌ಫಾರ್ಮರ್, ಕೇಬಲ್ಲಿನ ಖರ್ಚಿನಲ್ಲಿ ಶೇ 80. ಇವೆಲ್ಲ ಬೇಕು, ಟ್ಯಾಕ್ಸಿಯವರಿಗೆ, ದೂರ ಹೋಗುವವರಿಗೆ ಖಂಡಿತ ಬೇಕು. ಆದರೆ ಹನ್ನೆರಡು ಗಂಟೆ ದುಡಿದು ಬಂದ ಹುಡುಗ ರಾತ್ರಿ ಹನ್ನೊಂದಕ್ಕೆ ಸರ್ಕಲ್ಲಿನಲ್ಲಿ ನಾಲ್ಕು ಗಂಟೆ ಗಾಡಿ ಕಾಯುತ್ತಾ ಕೂರಲಾರ. ಮೇಲಾಗಿ ಹೊರಗಿನ ಚಾರ್ಜಿಂಗ್ ಸೇವೆಗೆ ಶೇ 18 ಜಿಎಸ್‌ಟಿ ಇದೆ. ಅಂದರೆ ಮನೆಯಲ್ಲಿ ಪ್ಲಗ್ ಇಲ್ಲದವನೇ ಹೆಚ್ಚು ಕೊಡಬೇಕು. ನನಗೆ ಸಂಕಟವಾಗುವುದು ಇಲ್ಲೇ.

ಲಗ್ಗೆರೆಯ ಕಟ್ಟಡದಲ್ಲೂ ಮಾತು ನಿಂತದ್ದು ದುಡ್ಡಿಗೆ. "ನಾಳೆ ಖಾಲಿ ಮಾಡ್ಕೊಂಡು ಹೋಗೋನಿಗೆ ನಾನ್ಯಾಕೆ ಹಾಕಿಸ್ಲಿ?" ಎಂದರು ಆಕೆ. ಬೇರೆಯವರ ಗೋಡೆಗೆ ನನ್ನ ದುಡ್ಡು ಯಾಕೆ ಎಂದು ಅವನು. ಇಬ್ಬರದೂ ನ್ಯಾಯವೇ. ಸರ್ಕಾರದ ಪ್ರೋತ್ಸಾಹಧನ ಬರಬೇಕಾದದ್ದು ಇಂಥ ಕಡೆ.

ಇದನ್ನು ಮಾಡಿದವರಿದ್ದಾರೆ. ದೆಹಲಿ ಸರ್ಕಾರ 2020ರ ನೀತಿಯಲ್ಲಿ ಮೊದಲ 30,000 ಚಾರ್ಜಿಂಗ್ ಪಾಯಿಂಟುಗಳಿಗೆ ತಲಾ 6,000 ರೂಪಾಯಿವರೆಗೆ ಕೊಡುವುದಾಗಿ ಹೇಳಿತು, ಮನೆಗಳನ್ನೂ ಸೇರಿಸಿ. ಬ್ರಿಟನ್ 2022ರಲ್ಲಿ ಸ್ವಂತ ಮನೆಯವರಿಗೆ ಕೊಡುತ್ತಿದ್ದ ಚಾರ್ಜರ್ ಸಹಾಯಧನ ನಿಲ್ಲಿಸಿ, ಅದನ್ನು ಬಾಡಿಗೆದಾರರಿಗೆ ಮತ್ತು ಫ್ಲ್ಯಾಟುಗಳಲ್ಲಿ ಇರುವವರಿಗೆ ತಿರುಗಿಸಿತು. ಸ್ವಂತ ಮನೆಯವರು ಹೇಗೂ ಹಾಕಿಸಿಕೊಳ್ಳುತ್ತಾರೆ, ಸಹಾಯ ಬೇಕಾದದ್ದು ಉಳಿದವರಿಗೆ ಎಂಬ ಲೆಕ್ಕ ಸರಿಯಾದದ್ದೇ.

ನಮ್ಮ ರಾಜ್ಯ ಇದನ್ನು ವಿದ್ಯುತ್ ಪೂರೈಸುವ ಎಸ್ಕಾಂಗಳ ಮೂಲಕವೇ ಮಾಡಬಹುದು. ಹಣ ಕಟ್ಟಡದ ಮಾಲೀಕರಿಗೆ ಸೇರಲಿ, ಬಾಡಿಗೆದಾರ ಬದಲಾದರೂ ಪಾಯಿಂಟ್ ಅಲ್ಲೇ ಉಳಿಯುತ್ತದೆ. ಲೈಸೆನ್ಸ್ ಇರುವ ಕಂಟ್ರಾಕ್ಟರ್ ಕೆಲಸ ಮುಗಿಸಿ, ಅರ್ಥಿಂಗ್ ಮತ್ತು ಆರ್‌ಸಿಸಿಬಿ ಪರೀಕ್ಷೆಯ ವರದಿ ಕೊಟ್ಟ ಮೇಲೆಯೇ ದುಡ್ಡು ಬಿಡುಗಡೆಯಾಗಲಿ. ಕಿಟಕಿಯಿಂದ ವೈರು ಇಳಿಬಿಟ್ಟ ಕಟ್ಟಡಗಳಿಗೆ ಮೊದಲ ಸರದಿ ಕೊಡಲಿ. ಅಂಥವು ಯಾವ ರಸ್ತೆಯಲ್ಲಿ ಎಷ್ಟಿವೆ ಎಂದು ತಿಂಗಳು ತಿಂಗಳು ಮನೆ ಮನೆಗೆ ಬರುವ ಮೀಟರ್ ರೀಡರುಗಳನ್ನು ಕೇಳಿದರೆ ಹೇಳುತ್ತಾರೆ. ಇಂಥ ಒಂದು ಕಟ್ಟಡಕ್ಕೆ ಎರಡು ಪಾಯಿಂಟ್ ಕೂರಿಸಿ, ಯಾರ ಪಾಯಿಂಟ್ ಯಾವ ಮೀಟರಿಗೆ ಎಂದು ಹೆಸರು ಬರೆದು, ಪರೀಕ್ಷೆ ಮಾಡಿ ಮುಗಿಸಲು ನನಗೂ ನನ್ನ ಹುಡುಗರಿಗೂ ಒಂದು ದಿನ ಸಾಕು.